ಎರಡನೇ ದನಿ

ಆ ರೆಕಾರ್ಡನ್ನು ಅಕ್ಕ ಒಂದೇ ಅಂಗಡಿಯಲ್ಲಿ ಕೊಂಡದ್ದಲ್ಲ. ಕವರು ಒಂದು ಕಡೆ ಸಿಕ್ಕಿತು, ಪ್ಲೇಟು ಇನ್ನೊಂದು ಕಡೆ, ಹಾಡಿನ ಸಾಲುಗಳು ಅಚ್ಚಾದ ಹಾಳೆ ಮತ್ತೊಂದು ಕಡೆ. ಹಳೆ ಸಾಮಾನಿನ ಅಂಗಡಿಗಳಲ್ಲಿ ಮಂಡಿಯೂರಿ ಕೂತು, ಬೆರಳೆಲ್ಲ ಧೂಳು ಮಾಡಿಕೊಂಡು, ವರ್ಷಗಟ್ಟಲೆ ಹುಡುಕಿ ಒಂದು ಪೂರ್ತಿ ಪ್ರತಿ ಕೂಡಿಸಿದ್ದಳು. ಅದರಲ್ಲಿ ಹಾಡಿದವಳು ತಾನೇ ಎಂದು ಯಾವ ಅಂಗಡಿಯವನಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರೇನೋ.

ಹರೆಯದಲ್ಲಿ ಅವಳ ತಮ್ಮ ಗೆಳೆಯರನ್ನು ಸೇರಿಸಿ ಒಂದು ಬ್ಯಾಂಡ್ ಕಟ್ಟಿದ್ದ. ಗಿಟಾರು, ಪಿಟೀಲು, ಅಳುವ ಹಾಗೆ ಜಾರುವ ಸ್ಟೀಲ್ ಗಿಟಾರು. ಅಮೆರಿಕದ ಕಂಟ್ರಿ ಹಾಡಿನ ಹಳ್ಳಿ ಧಾಟಿ, ಅದಕ್ಕೆ ಪೇಟೆ ಹುಡುಗರ ಸಿಟ್ಟು. ಅಂಗಡಿಯವರು ಅದನ್ನು ‘ಆಲ್ಟರ್ನೇಟಿವ್ ಕಂಟ್ರಿ’ ಎಂಬ ಖಾನೆಗೆ ಹಾಕಿದರು. ತಮ್ಮ ಮುಂದೆ ನಿಂತು ಹಾಡುತ್ತಿದ್ದ, ಅಕ್ಕ ಅವನಿಗೆ ಎರಡನೇ ದನಿ. ಅವನ ಗಂಟಲು ಒರಟು, ಮೇಲಕ್ಕೇರಿದರೆ ಒಡೆಯುತ್ತಿತ್ತು. ಒಡೆಯುವ ಜಾಗದಲ್ಲೆಲ್ಲ ಇವಳ ದನಿ ಕೆಳಗಿನಿಂದ ಹೆಗಲು ಕೊಡುತ್ತಿತ್ತು.

ಅವರ ಮೊದಲ ರೆಕಾರ್ಡು ಅದು, ಕೆಲವೇ ನೂರು ಪ್ರತಿ ಅಚ್ಚಾದವು. ಅಷ್ಟರಲ್ಲಿ ಅಪ್ಪ ಪಾರ್ಶ್ವವಾಯು ಹೊಡೆದು ಮಲಗಿದರು. ಮನೆಯಲ್ಲಿ ಒಬ್ಬರು ಉಳಿಯಬೇಕಿತ್ತು, ಅಕ್ಕ ಉಳಿದಳು. ತಮ್ಮ ಊರೂರು ಸುತ್ತಿದ, ಬೇರೆ ಬ್ಯಾಂಡ್ ಕಟ್ಟಿದ, ತಕ್ಕಮಟ್ಟಿಗೆ ಹೆಸರೂ ಮಾಡಿದ. ಅಕ್ಕ ಕನ್ನಡಕದ ಅಂಗಡಿ ಸೇರಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸಕ್ಕೆ ಕೂತಳು. ಅಪ್ಪ ಹೋದ ಮೇಲೆ ನೋಡಿದರೆ ಅವಳ ಪಾಲಿನ ರೆಕಾರ್ಡು ಕಿಟಕಿಯ ಬಿಸಿಲಿಗೆ ಬಿದ್ದು ಅಲೆ ಅಲೆಯಾಗಿ ಸೊಟ್ಟಗಾಗಿತ್ತು. ಹುಡುಕಾಟ ಶುರುವಾದದ್ದು ಆಮೇಲೆ.

ಕೂಡಿಸಿದ ಪ್ರತಿಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಳಗಿನ ಒರಟು ಕಾಗದದ ಚೀಲ ಗೆರೆ ಎಳೆಯುತ್ತದೆಂದು ತೆಗೆದು ಮೆತ್ತನೆಯ ಚೀಲ ಹಾಕಿದಳು. ಮಲಗಿಸಿ ಮೇಲೆ ಏನಾದರೂ ಹೇರಿದರೆ ಬಾಗುತ್ತದೆಂದು ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದಳು. ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೋಪು ಬೆರೆಸಿ, ಮೃದುವಾದ ಬ್ರಷ್ಷಿನಿಂದ ಗೆರೆ ಹೋದ ದಿಕ್ಕಿಗೇ ತೊಳೆಯುತ್ತಿದ್ದಳು. ಹಚ್ಚಿ ಕೇಳುತ್ತಿದ್ದದ್ದು ಅಪರೂಪಕ್ಕೆ, ಅದೂ ಪ್ಲೇಯರಿಗೆ ಹೊಸ ಮುಳ್ಳು ಹಾಕಿ.

“ಆ ಪ್ಲೇಟನ್ನ ನೋಡ್ಕೊಂಡಷ್ಟು ನನ್ನ ನೋಡ್ಕೊಂಡಿದ್ರೆ ಇನ್ನೂ ನೂರು ವರ್ಷ ಬದುಕ್ತಿದ್ದೆ ಕಣೇ,” ಅಂತ ಅಮ್ಮ ಆಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ ತಮ್ಮ ಬಂದ. ಫೋನು ಮಾಡುವುದೇ ಅಪರೂಪವಾದವನು ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗಲೇ ಏನೋ ಕೆಲಸವಿದೆ ಎಂದು ಅಕ್ಕನಿಗೆ ಗೊತ್ತಾಯಿತು.

“ನಮ್ಮ ಮೊದಲನೇ ಆಲ್ಬಮ್ ಮತ್ತೆ ತರ್ತಾ ಇದೀವಿ ಅಕ್ಕ. ಜನ ಕೇಳ್ತಿದಾರೆ. ಆದ್ರೆ ಮೂಲ ಟೇಪು ಹಾಳಾಗಿದೆ. ಮನೆ ಬದಲಾಯಿಸ್ವಾಗ ನೆಲಮಾಳಿಗೇಲಿ ಬಿಟ್ಟಿದ್ದೆ, ಬೂಷ್ಟು ಹಿಡಿದುಹೋಯ್ತು.”

“ಉಳಿದವರ ಹತ್ರ?”

“ಎಲ್ಲ ಗೀರು ಗೀರು. ಚೊಕ್ಕವಾಗಿರೋದು ನಿನ್ನದೊಂದೇ. ಅದರಿಂದ್ಲೇ ಕಂಪ್ಯೂಟರಿಗೆ ಇಳಿಸ್ಕೋತೀವಿ. ಒಂದು ತಿಂಗಳು ಕೊಡು, ಕಣ್ಣಿಗೊತ್ಕೊಂಡು ವಾಪಸ್ ತಂದ್ಕೊಡ್ತೀನಿ.”

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಆಗಲೇ, “ಕೊಡೇ, ತಮ್ಮ ಅಲ್ವಾ?” ಅಂದುಬಿಟ್ಟಿದ್ದಳು. ಅಕ್ಕನಿಗೂ ಒಳಗೊಳಗೇ ಆಸೆ ಚಿಗುರಿತ್ತು. ತನ್ನ ದನಿಯನ್ನು ಗುರುತಿಲ್ಲದ ಜನ ಗುರುತಿಲ್ಲದ ಮನೆಗಳಲ್ಲಿ ಕೇಳುತ್ತಾರಲ್ಲ! ಹೇಗೆ ಹಿಡಿಯಬೇಕು, ಎಲ್ಲಿ ಮುಟ್ಟಬಾರದು ಎಂದು ಹತ್ತು ಸಲ ಹೇಳಿ ಕೊಟ್ಟಳು.

ಆ ತಿಂಗಳೆಲ್ಲ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಕೆಡವಿದರೆ? ಬೆರಳು ಒತ್ತಿದರೆ? ಆದರೆ ಹೇಳಿದ ಹೊತ್ತಿಗೆ ರೆಕಾರ್ಡು ವಾಪಸ್ಸು ಬಂತು. ಕಿಟಕಿಯ ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡಿದಳು, ಒಂದು ಕೂದಲೆಳೆಯಷ್ಟೂ ಗೀರಿಲ್ಲ. ಪಾಪ, ಅವನನ್ನು ಸುಮ್ಮನೆ ಅನುಮಾನಿಸಿದೆ ಎಂದು ನಾಚಿಕೊಂಡಳು.

ಚಳಿಗಾಲದಲ್ಲಿ ಹೊಸ ಆಲ್ಬಮ್ ಅಂಚೆಯಲ್ಲಿ ಬಂತು. ಅಮ್ಮನನ್ನು ಎದುರು ಕೂರಿಸಿಕೊಂಡು ಅಕ್ಕ ಹಚ್ಚಿದಳು. ಸ್ಟೀಲ್ ಗಿಟಾರು ಜಾರಿತು, ತಮ್ಮ ಹಾಡಿದ. ಅವನ ದನಿ ಮೇಲಕ್ಕೇರಿ ಒಡೆಯುವ ಜಾಗ ಬಂತು. ಅಲ್ಲಿ ಇನ್ನೊಂದು ದನಿ ಇತ್ತು, ತೆಳ್ಳಗೆ, ನುಣ್ಣಗೆ. ಅವಳದ್ದಲ್ಲ. ಮುಂದಿನ ಹಾಡಿನಲ್ಲೂ ಅದೇ. ಕವರು ತಿರುಗಿಸಿದರೆ ಹಳೆಯದರಲ್ಲಿ ಅಕ್ಕನ ಹೆಸರಿದ್ದಲ್ಲಿ ತಮ್ಮನ ಹೆಂಡತಿಯ ಹೆಸರಿತ್ತು. ಅವಳು ಅವನ ಈಗಿನ ಬ್ಯಾಂಡಿನ ಗಾಯಕಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಕ್ಕನನ್ನು ತೆಗೆದುಹಾಕಿದ್ದರು.

ಫೋನಿನಲ್ಲಿ ತಮ್ಮ ಸಲೀಸಾಗಿಯೇ ಮಾತಾಡಿದ. “ಈಗಿನ ಕಂಪ್ಯೂಟರ್ ದನಿ ದನೀನೂ ಬೇರೆ ಮಾಡತ್ತೆ ಅಕ್ಕ. ಇನ್ಮೇಲೆ ಕಾರ್ಯಕ್ರಮದಲ್ಲಿ ಇವಳೇ ತಾನೇ ಹಾಡ್ಬೇಕು? ಜನಕ್ಕೆ ಗೊಂದಲ ಆಗ್ಬಾರ್ದು ಅಂತ. ನೀನು ಹೇಗೂ ಹಾಡೋದು ಬಿಟ್ಟು ಯಾವ ಕಾಲ ಆಯ್ತು.”

“ನಾನು ಬಿಡ್ಲಿಲ್ಲ, ಪುಟ್ಟ. ಅಪ್ಪನ ಹತ್ರ ಇದ್ದೆ.”

ಅವನು, “ಯಾರೋ ಕರೀತಿದಾರೆ, ಆಮೇಲೆ ಮಾಡ್ತೀನಿ,” ಅಂದ. ಮಾಡಲಿಲ್ಲ.

“ಇರಲಿ ಬಿಡೇ. ಅವಳೂ ಮನೆಯವಳೇ ಅಲ್ವಾ? ದೊಡ್ಡವಳು ನೀನು, ದೊಡ್ಡ ಮನಸ್ಸು ಮಾಡು,” ಎಂದಳು ಅಮ್ಮ. ಅಕ್ಕ ಹೊಸ ಆಲ್ಬಮ್ಮನ್ನು ಕವರಿಗೆ ತುರುಕಿದಳು. ಮನಸ್ಸು ದೊಡ್ಡದು ಮಾಡೀ ಮಾಡೀ ಅದರಲ್ಲಿ ತನಗೇ ನಿಲ್ಲಲು ಜಾಗವಿಲ್ಲದಂತಾಗಿತ್ತು.

ಅಂದಿನಿಂದ ಅವಳು ಹಳೆಯ ರೆಕಾರ್ಡನ್ನು ದಿನಾ ಹಚ್ಚತೊಡಗಿದಳು. ಕೆಲಸದಿಂದ ಬಂದು ಚಪ್ಪಲಿ ಬಿಟ್ಟವಳೇ ಹಚ್ಚುತ್ತಿದ್ದಳು, ಅಡುಗೆ ಮಾಡುತ್ತ ಎರಡೂ ಬದಿ ಕೇಳುತ್ತಿದ್ದಳು. ತೊಳೆಯುವುದು ನಿಂತಿತು. ಮುಳ್ಳು ಮೊಂಡಾಗಿ ಗೆರೆಗಳನ್ನು ಕೆರೆಯುತ್ತಿದ್ದರೂ ಬದಲಾಯಿಸಲಿಲ್ಲ. ಮೊದಲು ಪಿಟೀಲು ಗೊಗ್ಗರಾಯಿತು, ಆಮೇಲೆ ದನಿಗಳು. ಅವಳು ಕೇಳುತ್ತಲೇ ಇದ್ದಳು. ಯಾರಿಗಾಗಿ ಕಾಪಾಡಬೇಕಿತ್ತು?

ವರ್ಷ ಕಳೆಯಿತು. ತಮ್ಮ ಮತ್ತೆ ಬಂದ. ಈ ಸಲ ಹಣ್ಣಿರಲಿಲ್ಲ, ಮುಖ ಬಾಡಿತ್ತು.

“ಹಳೇ ಅಭಿಮಾನಿಗಳು ಉಗೀತಿದಾರೆ ಅಕ್ಕ. ಆ ಹಳೇ ಎರಡನೇ ದನಿ ಎಲ್ಲಿ, ಅದಿಲ್ದೆ ಆಲ್ಬಮ್ಮೇ ಅಲ್ಲ ಅಂತಾರೆ. ಮೊದಲಿದ್ದ ಹಾಗೇ ತರೋಣ ಅಂತ.”

“ಕಂಪ್ಯೂಟರಿಗೆ ಇಳಿಸ್ಕೊಂಡಿದ್ಯಲ್ಲ.”

“ಆ ಸ್ಟುಡಿಯೋದವನು ಹೊಸದನ್ನ ಮಾತ್ರ ಉಳಿಸ್ಕೊಂಡು ಹಳೇದನ್ನ ಅಳಿಸಿಬಿಟ್ಟಿದಾನೆ. ನಾನೂ ಕೇಳಿ ಇಟ್ಕೊಳ್ಲಿಲ್ಲ.”

ಅಕ್ಕ ಎದ್ದು ಮುಳ್ಳನ್ನು ಪ್ಲೇಟಿನ ಮೇಲಿಟ್ಟಳು. ಬೆಂಕಿಯಲ್ಲಿ ಹಸಿ ಕಟ್ಟಿಗೆ ಸಿಡಿದಂಥ ಸದ್ದು. ಅದರಡಿಯಲ್ಲಿ ಎಲ್ಲೋ ದೂರದಲ್ಲಿ ಇಬ್ಬರು ಹಾಡುತ್ತಿದ್ದರು. ಯಾವುದು ಯಾರ ದನಿಯೆಂದು ತಿಳಿಯುತ್ತಿರಲಿಲ್ಲ.

ತಮ್ಮನ ಮುಖ ಬಿಳಿಚಿಕೊಂಡಿತು. “ಏನ್ ಮಾಡ್ದೆ ಅಕ್ಕ ಇದನ್ನ?”

“ಕೇಳ್ದೆ.”

“ಬೇಕಂತ್ಲೇ ಹಾಳು ಮಾಡಿದೀಯ!”

“ಹೂಂ,” ಎಂದಳು ಅಕ್ಕ. ಹೇಳಿದರೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಅವನು ತಲೆ ಹಿಡಿದುಕೊಂಡು ಕೂತ. ಆಮೇಲೆ, “ನೀನೇ ಬಂದು ಮತ್ತೆ ಹಾಡಿಬಿಡು. ತಪ್ಪಾಯ್ತು ಅಂತೀನಿ. ಬೇಕಾದ್ರೆ ನಿನ್ನ ಹೆಸರು ಮೇಲೆ ಹಾಕ್ತೀನಿ,” ಅಂದ.

ಅಕ್ಕ ಉತ್ತರ ಕೊಡುವ ಬದಲು ಬಾಯಿ ತೆರೆದು ಮೊದಲ ಹಾಡಿನ ಮೊದಲ ಸಾಲು ಹಾಡಿದಳು. ಎರಡನೇ ಸಾಲಿಗೆ ಉಸಿರು ಸಾಲದೆ ದನಿ ಒಡೆದು ನಿಂತಿತು.

“ಆ ದನಿ ಈಗ ನನ್ನ ಹತ್ರಾನೂ ಇಲ್ಲ, ಪುಟ್ಟ. ಅದು ಇದ್ದದ್ದು ಈ ಪ್ಲೇಟಲ್ಲಿ ಮಾತ್ರ.”

ಅವನು ಎದ್ದು ಹೋದ. ಮೆಟ್ಟಿಲಿಳಿಯುವ ಸದ್ದು ಬೀದಿಯ ಗದ್ದಲದಲ್ಲಿ ಕರಗಿತು. ಒಳಕೋಣೆಯಿಂದ ಅಮ್ಮ ಗೋಡೆ ಹಿಡಿದು ಬಂದು ಖಾಲಿ ಕುರ್ಚಿಯನ್ನು ನೋಡಿದಳು.

“ಅಯ್ಯೋ, ಊಟಾನೂ ಮಾಡ್ದೆ ಹೋದ್ನಲ್ಲೇ. ನೀನಾದ್ರೂ ತಡೀಬಾರ್ದಿತ್ತಾ?”