ಇಬ್ಬರಿಗೆ ಒಂದೇ ಕ್ಯಾಮೆರಾ

ಚಳಿ ಕಾಲು ತೆಗೆದಿತ್ತು, ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಸೋಮವಾರ ಬೆಳಗ್ಗೆ ಹತ್ತೂವರೆಗೆ ಗಡಿಯಾರ ರಿಪೇರಿಯವರು ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟರು. ಮೂವತ್ತೆಂಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದು ಎರಡೇ ಸಲ. ಒಂದು, ಅವರ ತಂದೆ ತೀರಿಕೊಂಡಾಗ. ಇನ್ನೊಂದು, ದವಡೆ ಹಲ್ಲು ಕೀಳಿಸಿದಾಗ. ಈ ಸಲ ಹೊರಟದ್ದು ಕ್ಯಾಮೆರಾ ಕೊಳ್ಳಲಿಕ್ಕೆ, ಅದೂ ಒಬ್ಬ ಹೆಂಗಸಿನ ಜೊತೆ.

ಅವರಿಗೆ ಅರವತ್ತೆರಡು. ಮದುವೆಯಾಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, ಕೈತುಂಬ ಕೆಲಸವಿತ್ತು, ಜ್ಞಾಪಕ ಬರಲಿಲ್ಲ ಅನ್ನುತ್ತಿದ್ದರು. ಹೆಂಗಸು ಅಂದರೆ ಬೀದಿಯ ಆಚೆ ಬದಿಯ ಈಜುಕೊಳದ ಟೀಚರಮ್ಮ. ಮೂವತ್ತೈದು ವರ್ಷ ಊರವರಿಗೆಲ್ಲ ಈಜು ಕಲಿಸಿ ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಸಂಜೆ ಹೊತ್ತಿನ ವಯಸ್ಸಾದ ಹೆಂಗಸರ ಕ್ಲಾಸನ್ನು ಮಾತ್ರ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಅವರಿಗೆ ಗುರುತು ಹತ್ತುತ್ತಿರಲಿಲ್ಲ, ಒಂದು ಸಲ ಕಾಲು ನೋಡುತ್ತಿದ್ದರು, ಆಮೇಲೆ ಹೆಸರು ಹಿಡಿದು ಕರೆಯುತ್ತಿದ್ದರು. ಊರನ್ನು ಅವರು ನೋಡಿದ್ದೇ ನೀರಿನ ಕೆಳಗಿಂದ, ಸೊಂಟದಿಂದ ಕೆಳಕ್ಕೆ.

ಇವರಿಬ್ಬರ ಪರಿಚಯವಾಗಿ ಎಂಟು ತಿಂಗಳು. ಕೊಳದ ಗೋಡೆಯ ದೊಡ್ಡ ಗಡಿಯಾರ ನಿಂತುಹೋಗಿ, ಇವರು ಏಣಿ ಹತ್ತಿ ಸರಿಮಾಡಿ ಇಳಿದಿದ್ದರು. ಕೆಳಗೆ ಏಣಿ ಹಿಡಿದು ನಿಂತಿದ್ದ ಟೀಚರಮ್ಮ, ಇವು ನೀರಿಗೆ ಹೆದರೋ ಕಾಲು, ಸೋಮವಾರದಿಂದ ಕ್ಲಾಸಿಗೆ ಬನ್ನಿ ಅಂದರು. ಹೋದರು. ಎಂಟು ತಿಂಗಳಲ್ಲಿ ಕಲಿತದ್ದು ಆಳವಿಲ್ಲದ ಕಡೆ ಕಂಬಿ ಹಿಡಿದು ನಿಲ್ಲುವುದು, ಐದು ಎಣಿಸುವ ತನಕ ಮುಖ ಮುಳುಗಿಸುವುದು. ಮುಂದುವರಿದದ್ದೆಲ್ಲ ನೀರಿನ ಹೊರಗೆ.

ಗುರುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಸಮುದ್ರದ ಕಡೆ ಹೋಗುವುದು, ಹದಿನೈದು ದಿನ ಇದ್ದು ಬರುವುದು ಅಂತ ತೀರ್ಮಾನವಾಗಿತ್ತು. ಟೀಚರಮ್ಮನಿಗೆ ಸಾಯುವುದರೊಳಗೆ ನೀರಿನ ಕೆಳಗೆ ಬಿಳಿ ಟೈಲ್ಸು, ಮನುಷ್ಯರ ಕಾಲು ಬಿಟ್ಟು ಬೇರೇನಾದರೂ ನೋಡಬೇಕಿತ್ತು, ಅದರ ಚಿತ್ರ ಹಿಡಿದು ತರಬೇಕಿತ್ತು. ಬಂದ ಮೇಲೆ ರಿಜಿಸ್ಟರ್ ಆಫೀಸಿನ ಮೆಟ್ಟಿಲು ಹತ್ತುವುದೋ ಬೇಡವೋ ನೋಡೋಣ ಅಂದಿದ್ದರು. ಅದಕ್ಕೊಂದು ಷರತ್ತು: ಇಬ್ಬರಿಗೆ ಒಂದೇ ಚೀಲ, ಒಂದೇ ಕ್ಯಾಮೆರಾ.

"ಎರಡು ತಗೊಂಡ್ರೆ ನೀವೊಂದು ಕಡೆ ನೋಡ್ತೀರಿ, ನಾನೊಂದು ಕಡೆ. ಅಷ್ಟಕ್ಕೆ ಜೊತೇಲಿ ಯಾಕೆ ಹೋಗ್ಬೇಕು? ಬುಧವಾರ ಸಂಜೆಯೊಳಗೆ ಒಂದನ್ನ ಒಪ್ಪೋಕೆ ಆಗ್ಲಿಲ್ಲ ಅಂದ್ರೆ ನಾನೊಬ್ಬಳೇ ಬಸ್ಸು ಹತ್ತುತ್ತೀನಿ."

ನಗುತ್ತಲೇ ಹೇಳಿದರು. ಕೊಳದ ಅಂಚಿನಲ್ಲಿ ಓಡಬೇಡಿ ಅಂತ ಹುಡುಗರಿಗೆ ಹೇಳುವಾಗಲೂ ಅವರು ನಗುತ್ತಲೇ ಹೇಳುತ್ತಿದ್ದದ್ದು. ಓಡಿದವರು ಆಮೇಲೆ ಒಂದು ವಾರ ನೀರಿಗಿಳಿದದ್ದಿಲ್ಲ.

ಗಡಿಯಾರದವರ ಮನೆಯಲ್ಲಿ ಅವರ ಅಕ್ಕ ಇದ್ದರು, ಗಂಡ ಹೋದ ಮೇಲೆ ತಮ್ಮನ ಜೊತೆಗೇ ಇದ್ದವರು. ತಮ್ಮ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದದ್ದನ್ನು ಸೋಮವಾರ ಬೆಳಗ್ಗೆ ಮೂರು ಸಲ ನೋಡಿದ್ದರು.

"ಅರವತ್ತಕ್ಕೆ ಅರಳು ಮರಳು ಅಂತ ಕೇಳಿದ್ದೆ ಕಣೋ," ಅಂದರು. "ಈಗ ದಿನಾ ಎರಡು ಹೊತ್ತು ಕಣ್ಣಾರೆ ನೋಡ್ತಿದ್ದೀನಿ. ಬಾಚೋಕೆ ಇರೋದೇ ನಾಲ್ಕು ಕೂದಲು, ಅದರಲ್ಲಿ ಎರಡು ಬಾಚಣಿಗೇಲಿವೆ."

ತಮ್ಮನಿಗೆ ಕೋಪ ಬರಲಿಲ್ಲ. ಆ ದಿನಗಳಲ್ಲಿ ಅವರಿಗೆ ಯಾವುದಕ್ಕೂ ಕೋಪ ಬರುತ್ತಿರಲಿಲ್ಲ. ನಡೆಯುತ್ತಿದ್ದರೆ ಅಂಗಾಲಿನ ಕೆಳಗೆ ಯಾರೋ ಸ್ಪ್ರಿಂಗು ಕೂರಿಸಿದ ಹಾಗಿತ್ತು.

ಕ್ಯಾಮೆರಾ ಅಂಗಡಿಯವರು ಗಡಿಯಾರದವರ ಬಾಲ್ಯದ ಗೆಳೆಯರು. ಹೊಟ್ಟೆ ಮೇಜಿಗೆ ತಾಗುವಂಥ ಆಳು. ವಿಷಯ ತಿಳಿದು ಎರಡು ಕ್ಯಾಮೆರಾ ತಂದಿಟ್ಟರು. ಒಂದು ಡಿಎಸ್ಎಲ್ಆರ್, ಹತ್ತು ವರ್ಷ ಹಳೆಯದು, ಯಾರೋ ಜೋಪಾನವಾಗಿ ಬಳಸಿ ಮಾರಿದ್ದು, ಕಪ್ಪಗೆ ಇಟ್ಟಿಗೆಯ ಭಾರ, ಹಿಡಿಯ ರಬ್ಬರು ಒಂದು ಮೂಲೆಯಲ್ಲಿ ಎದ್ದಿತ್ತು, ಜೊತೆಗೊಂದು ಉದ್ದ ಲೆನ್ಸು. ಇನ್ನೊಂದು ಸೋಪಿನಷ್ಟು ಚಿಕ್ಕದು, ಕಿತ್ತಳೆ ಬಣ್ಣ, ನೀರಲ್ಲಿ ಮುಳುಗಿಸಬಹುದು, ಆಳೆತ್ತರದಿಂದ ಬೀಳಿಸಬಹುದು, ಧೂಳಿಗೂ ಜಗ್ಗುವುದಿಲ್ಲ. ದೊಡ್ಡದರ ಚಿತ್ರದ ಅಂದ ಚಿಕ್ಕದಕ್ಕೆ ಬರುವುದಿಲ್ಲ, ಚಿಕ್ಕದರ ಆಯಸ್ಸು ದೊಡ್ಡದಕ್ಕೆ ಇಲ್ಲ, ಅದಕ್ಕೆ ಒಂದು ಹನಿ ನೀರು ಸಾಕು ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಕಿತ್ತಳೆಯದು ಅಂಗಡಿಯಲ್ಲಿ ಇದೊಂದೇ ಇರುವುದು, ಇನ್ನೊಂದು ಬರುವುದು ಮುಂದಿನ ತಿಂಗಳು ಅಂತಲೂ ಹೇಳಿದರು.

ಗಡಿಯಾರದವರು ಡಿಎಸ್ಎಲ್ಆರ್ ಎತ್ತಿ ಒಂದು ಸಲ ಒತ್ತಿದರು. ಕ್ಳಕ್ ಅಂತು. ಒಳಗೊಂದು ಕನ್ನಡಿ ಮೇಲೆ ಹಾರಿ, ಕಣ್ಣು ಮಿಟುಕಿಸುವುದರೊಳಗೆ ವಾಪಸ್ಸು ಬಂದು ಕೂತಿತು. ಇನ್ನೊಂದು ಸಲ ಒತ್ತಿದರು. ಇಡೀ ಅಂಗಡಿಯಲ್ಲಿ ನಿಜವಾಗಿ ಚಲಿಸುವ ಯಂತ್ರ ಅಂತ ಇದ್ದದ್ದು ಅದೊಂದೇ. ಹದಿನೈದು ದಿನ ಟೀಚರಮ್ಮನ ಮುಖಕ್ಕೆ ಅದನ್ನು ಹಿಡಿದು ಕ್ಳಕ್ ಅನ್ನಿಸಬೇಕು ಅಂತ ಆಸೆಯಾಗಿ ಕಿವಿ ಬಿಸಿಯಾಯಿತು. ಟೀಚರಮ್ಮ ಅಷ್ಟರಲ್ಲಿ ಕಿತ್ತಳೆಯದನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ನನ್ನದು ಇದೇ ಅಂದುಬಿಟ್ಟಿದ್ದರು.

ಅರ್ಧ ಗಂಟೆ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಟೀಚರಮ್ಮನೇ ಉಪಾಯ ಹೇಳಿದರು: ಹೆತ್ತವರಿಗೆ ಹೆಗ್ಗಣ ಮುದ್ದು, ಅದರ ಕುಂದು ಅವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನನಗೆ ಬೇಕಾದ್ದನ್ನು ನೀವು ಇಟ್ಟುಕೊಳ್ಳಿ, ನಿಮಗೆ ಬೇಕಾದ್ದನ್ನು ನಾನು ಇಟ್ಟುಕೊಳ್ಳುತ್ತೇನೆ, ಬುಧವಾರ ಇಲ್ಲಿಗೇ ಬಂದು ಹೇಳೋಣ. ಅಂಗಡಿಯವರು ಒಪ್ಪಿದರು. ಕಿತ್ತಳೆಯದನ್ನು ಗೆಳೆಯನ ಕೈಗೆ ಕೊಡುವಾಗ ಮಾತ್ರ ಬಿಡದೆ ಒಂದು ಗಳಿಗೆ ಹಿಡಿದುಕೊಂಡರು.

"ನೀರಿಗೆ ಹಾಕು, ನೆಲಕ್ಕೆ ಹಾಕು, ಬೇಕಿದ್ರೆ ಒದಿ. ಬಿಚ್ಚೋಕೆ ಮಾತ್ರ ಹೋಗ್ಬೇಡ ಮಾರಾಯ. ಒಳಗಿನ ರಬ್ಬರು ಕೂದಲಷ್ಟು ಸರಿದ್ರೂ ನೀರು ನುಗ್ತದೆ."

ನಾನ್ಯಾಕೆ ಬಿಚ್ಚಲಿ ಅಂದರು ಗಡಿಯಾರದವರು. ಅದು ಹನ್ನೊಂದೂವರೆಗೆ.

ಹನ್ನೆರಡೂ ಮುಕ್ಕಾಲಿಗೆ ಅವರ ಮೇಜಿನ ಮೇಲಿನ ತಟ್ಟೆಯಲ್ಲಿ ಹನ್ನೊಂದು ತಿರುಪು ಸಾಲಾಗಿ ಮಲಗಿದ್ದವು. ಬಿಚ್ಚಬೇಕು ಅಂತ ಬಿಚ್ಚಿದ್ದಲ್ಲ. ಕೈಗೆ ಬಂದ ಯಾವ ವಸ್ತುವಿನ ಬೆನ್ನನ್ನೂ ತೆರೆಯದೆ ಅವರು ಇದ್ದವರೇ ಅಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ನೀರು ಹೊರಗೇ ನಿಲ್ಲುವುದು ಹೇಗೆ ಅಂತ ಒಂದೇ ಒಂದು ಸಲ ಇಣುಕಬೇಕಿತ್ತು, ಅಷ್ಟೇ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮುಚ್ಚಳ ಎತ್ತಿದರು. ಸುತ್ತಲೂ ಒಂದು ರಬ್ಬರಿನ ಎಳೆ, ಹೊಲಿಗೆಯ ದಾರದಷ್ಟು ತೆಳ್ಳಗೆ, ಮೂಲೆಮೂಲೆಗೂ ಬಾಗಿ ತನ್ನ ಜಾಗದಲ್ಲಿ ಕೂತಿತ್ತು. ಇಷ್ಟೇ ಇಷ್ಟು ಎಳೆ ಒಂದು ಸಮುದ್ರವನ್ನು ಹೊರಗೆ ನಿಲ್ಲಿಸುತ್ತದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ಚಿಮುಟದ ತುದಿ ಎಲ್ಲಿಗೆ ಹೋಗುತ್ತಿದೆ ಅಂತ ನೋಡಲಿಲ್ಲ. ಅದು ಹೋಗಿ ಫ್ಲ್ಯಾಶಿನೊಳಗೆ ಉಳಿದಿದ್ದ ಕರೆಂಟಿಗೆ ತಾಗಿತು. ಗಡಿಯಾರದವರು ಸ್ಟೂಲು ಸಮೇತ ಒಂದು ಗೇಣು ಹಾರಿ ಇಳಿದರು.

ಸುಧಾರಿಸಿಕೊಂಡು ಗಡಿಯಾರಕ್ಕೆ ಹಚ್ಚುವ ಸಿಲಿಕೋನ್ ಜಿಡ್ಡನ್ನೇ ಎಳೆಗೆ ಸವರಿ, ಹನ್ನೊಂದು ತಿರುಪನ್ನೂ ತಿರುಗಿಸಿ ಮುಚ್ಚಿದರು. ಎಡಗೈ ಇನ್ನೂ ಜುಮ್ ಅನ್ನುತ್ತಿತ್ತು. ಆಮೇಲೆ ಗೆಳೆಯನ ಮಾತು ನೆನಪಿಗೆ ಬಂತು. ಕೂದಲಷ್ಟು ಸರಿದಿದ್ದರೆ? ತನ್ನ ಕೈಕೆಲಸ ಸರಿಯಿದೆ ಅಂತ ಅವರಿಗೆ ಗೊತ್ತು. ಆದರೆ ಕೈ ಜುಮ್ಮೆನ್ನುವಾಗ ಅವರು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಮಂಗಳವಾರವೆಲ್ಲ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ಅಂತ ಕುಕ್ಕರಗಾಲಲ್ಲಿ ಕೂತು ನೋಡಿದರು. ಬರಲಿಲ್ಲ. ಸೌಟಿನಾಳದ ಬಕೆಟ್ಟಿನ ಮಾತು ಕೇಳಿ ಸಮುದ್ರಕ್ಕೆ ಇಳಿಯಲಾಗುತ್ತದೆಯೇ? ಅಕ್ಕ ಬಾಗಿಲಲ್ಲಿ ನಿಂತು, ಕಪ್ಪೆ ಸಾಕಿದ್ದೀಯೇನೋ ಅಂತ ಕೇಳಿ ಹೋದರು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಡಿಎಸ್ಎಲ್ಆರ್ ಒಪ್ಪಿಸಿಬಿಟ್ಟರೆ ಕಿತ್ತಳೆಯದು ನೀರು ಕಾಣದೆ ಕಪಾಟಿಗೆ ಹೋಗುತ್ತದೆ. ಮೇಲಾಗಿ ಅವರ ಆಸೆಯೂ ಅದೇ ಇತ್ತಲ್ಲ. ಆದರೆ ಆ ರಬ್ಬರಿನ ಎಳೆ ನೋಡಿದಾಗಿನಿಂದ ಅವರ ಮನಸ್ಸು ಕಿತ್ತಳೆಯದರ ಮೇಲೆ ಕೂತಿತ್ತು. ಬೇಕೂ ಬೇಕು, ಕೊಡೋಕೂ ಹೆದರಿಕೆ. ಬಾಯಿಬಿಟ್ಟರೆ ಟೀಚರಮ್ಮ ನಗುತ್ತ, ಒಬ್ಬಳೇ ಹೋಗ್ತೀನಿ ಅನ್ನಬಹುದು.

ಬುಧವಾರ ಸಂಜೆ ನಾಲ್ಕಕ್ಕೆ ಮೂವರೂ ಕ್ಯಾಮೆರಾ ಅಂಗಡಿಯಲ್ಲಿ ಸೇರಿದರು. ಟೀಚರಮ್ಮ ಶುರುಮಾಡುವ ಮೊದಲೇ ಗಡಿಯಾರದವರು ಕಿತ್ತಳೆಯದನ್ನು ಮೇಜಿನ ಮೇಲಿಟ್ಟು, ಕಣ್ಣು ಅದರ ಮೇಲೇ ನೆಟ್ಟು ಹೇಳಿದರು:

"ಇದನ್ನ ನಾನು ಬಿಚ್ಚಿದೀನಿ. ಸೋಮವಾರ ಮಧ್ಯಾಹ್ನವೇ. ಸರಿಯಾಗೇ ಮುಚ್ಚಿದೀನಿ ಅನ್ಸುತ್ತೆ. ಖಂಡಿತ ಅಂತ ಹೇಳೋಕೆ ಬರಲ್ಲ."

ಅಂಗಡಿಯವರು ಹಣೆ ಚಚ್ಚಿಕೊಂಡರು. ಬೆಕ್ಕಿನ ಕೈಗೆ ಮೀನು ಕೊಟ್ಟು ಕಾವಲಿರು ಅಂದೆನಲ್ಲ, ತಪ್ಪು ನನ್ನದು ಅಂದರು. ಟೀಚರಮ್ಮ ಡಿಎಸ್ಎಲ್ಆರ್‌ನಿಂದ ಕಾರ್ಡು ತೆಗೆದು ಅಂಗಡಿಯವರಿಗೆ ಕೊಟ್ಟು, ದೊಡ್ಡ ಪರದೆ ಮೇಲೆ ಹಾಕಿ ಅಂದರು.

ಮೊದಲ ಚಿತ್ರದಲ್ಲಿ ಗಡಿಯಾರದವರು ಮೇಜಿಗೆ ಬಾಗಿ ಕೂತಿದ್ದರು. ಈಜುಕೊಳದ ಮೇಲಿನ ಕಿಟಕಿಯಿಂದ, ಬೀದಿಯ ಆಚೆಯಿಂದ, ಉದ್ದ ಲೆನ್ಸಿನಲ್ಲಿ ತೆಗೆದದ್ದು. ಎರಡನೆಯದರಲ್ಲಿ ಕಣ್ಣಿಗೆ ಭೂತಗನ್ನಡಿ. ಮೂರನೆಯದರಲ್ಲಿ ತಟ್ಟೆ, ತಟ್ಟೆಯಲ್ಲಿ ಹನ್ನೊಂದು ತಿರುಪು, ಒಂದೊಂದೂ ಎಣಿಸುವ ಹಾಗೆ. ಆಮೇಲೆ ಮುಚ್ಚಳ ಎತ್ತಿದ ಮುಖ, ಬಾಯಿ ತೆರೆದು, ಹೊಸ ಹಲ್ಲು ಬಂದ ಮಗುವಿನ ಹಾಗೆ ನಗುತ್ತಿದ್ದ ಮುಖ. ಕೆಲಸ ಮಾಡುವಾಗ ತಾನು ಹೀಗಿರುತ್ತೇನೆ ಅಂತ ಅವರಿಗೆ ಅರವತ್ತೆರಡು ವರ್ಷ ಯಾರೂ ಹೇಳಿರಲಿಲ್ಲ. ಅದರ ಮುಂದಿನದರಲ್ಲಿ ಅವರೂ ಸ್ಟೂಲೂ ಗಾಳಿಯಲ್ಲಿದ್ದರು, ಎರಡರ ಕೆಳಗೂ ಬೆಳಕು ಕಾಣುತ್ತಿತ್ತು.

ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ನಗು ನಿಲ್ಲುವ ತನಕ ಟೀಚರಮ್ಮ ಕಾದರು.

"ಸೋಮವಾರದಿಂದ ನನಗೆ ಗೊತ್ತು," ಅಂದರು. "ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ಹೇಳ್ದಿದ್ರೆ ನಾಳೆ ಒಂದೇ ಟಿಕೆಟ್ಟು."

ಅಲ್ಲಿಗೆ ಗಡಿಯಾರದವರ ಟಿಕೆಟ್ಟು ಉಳಿಯಿತು. ಆದರೆ ಕ್ಯಾಮೆರಾದ ಮಾತು ಮುಗಿದಿರಲಿಲ್ಲ. ಟೀಚರಮ್ಮನ ಪ್ರಕಾರ ದೊಡ್ಡದರ ಚಿತ್ರ ಚಂದವೇ, ಆದರೆ ಅದನ್ನು ಮುಟ್ಟುವ ಮೊದಲು ಪ್ರತಿ ಸಲವೂ ಕೈ ಒರೆಸಿಕೊಂಡು ಸಾಕಾಗಿತ್ತು. ಮೂವತ್ತೈದು ವರ್ಷದಲ್ಲಿ ಅಷ್ಟು ಸಲ ಕೈ ಒಣಗಿಸಿರಲಿಲ್ಲವಂತೆ. ಚಿಕ್ಕದು ಬೇಕು, ಆದರೆ ಸಮುದ್ರದ ನಡುವೆ ಅದು ನೀರು ಕುಡಿದರೆ ಇಷ್ಟು ದೂರ ಹೋದದ್ದೇ ದಂಡ.

"ನಿಮ್ಮ ಕೈಕೆಲಸ ನಂಬ್ಲೋ ಬೇಡ್ವೋ, ನೀವೇ ಹೇಳಿ ರೀ."

ಆ ಕೊನೆಯ 'ರೀ' ಕೇಳಿ ಅಂಗಡಿಯವರು ತಲೆ ಎತ್ತಿ ನೋಡಿದರು. ಗಡಿಯಾರದವರಿಗೆ ಮತ್ತೆ ಫ್ಲ್ಯಾಶಿನ ಕರೆಂಟು ಹೊಡೆದ ಹಾಗಾಯಿತು.

"ಮುಚ್ಚಿದವನು ನಾನು," ಅಂದರು. "ನಾನೇ ಅದರ ಜೊತೆ ಇಳೀತೀನಿ. ಹನ್ನೆರಡು ಅಡಿ ಕಡೆಗೆ."

ಐದು ಗಂಟೆಗೆ ಕೊಳದ ಅಂಚಿನಲ್ಲಿ ಹೆಂಗಸರ ಕ್ಲಾಸು ಟೋಪಿ ಹಾಕಿಕೊಂಡು ಸಾಲಾಗಿ ನಿಂತಿತ್ತು. ಅಂಗಡಿಯವರು ತಮ್ಮ ಸೊತ್ತಿನ ಕೊನೆಯ ಗಳಿಗೆ ನೋಡಲು ಟವೆಲ್ಲು ಹಿಡಿದು ಬಂದಿದ್ದರು. ಸುದ್ದಿ ತಿಳಿದು ಅಕ್ಕನೂ ಬಂದಿದ್ದರು. ಚಡ್ಡಿ ಹಾಕಿ ನಿಂತ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೇಹದಲ್ಲಿ ತೇಲುವಂಥದ್ದು ಏನೂ ಕಾಣಲ್ಲ, ಮುಳುಗೋಕೆ ಕಷ್ಟವಾಗಲಿಕ್ಕಿಲ್ಲ ಅಂದರು. ಮುಳುಗಿ ಎತ್ತುವ ಅಭ್ಯಾಸಕ್ಕೆ ಇಟ್ಟ ರಬ್ಬರು ಹೊದಿಸಿದ ಇಟ್ಟಿಗೆಯನ್ನು ಟೀಚರಮ್ಮ ಗಡಿಯಾರದವರ ಎಡಗಂಕುಳಲ್ಲಿ ಸಿಕ್ಕಿಸಿದರು, ಬಲಗೈಗೆ ಕಿತ್ತಳೆ ಕ್ಯಾಮೆರಾ ಕೊಟ್ಟು ಮಣಿಕಟ್ಟು ಹಿಡಿದುಕೊಂಡರು. ಉಸಿರು ಸ್ವಲ್ಪ ಸ್ವಲ್ಪವೇ ಬಿಡಿ, ಉಳಿದದ್ದು ನನಗೆ ಬಿಡಿ ಅಂದರು.

ನೀರು ತಲೆಯ ಮೇಲೆ ಹೋದಮೇಲೆ ಆಳೇನು, ಆರಾಳೇನು ಅಂದುಕೊಂಡು ಇಳಿದರು.

ಒಂದು, ಎರಡು, ಮೂರು. ಸೆಕೆಂಡು ಎಣಿಸುವುದು ಅವರ ಕಸುಬು, ತಪ್ಪುವ ಹಾಗಿಲ್ಲ. ನಾಲ್ಕಕ್ಕೆ ಕಿವಿಯೊಳಗೆ ಯಾರೋ ಹೆಬ್ಬೆರಳು ಒತ್ತಿದರು. ಐದಕ್ಕೆ ಅವರ ವಿದ್ಯೆ ಮುಗಿಯಿತು. ಆರು ಅನ್ನುವುದನ್ನು ಅವರು ನೀರೊಳಗೆ ಮೊದಲ ಸಲ ಎಣಿಸಿದರು, ಆಮೇಲೆ ಏಳು, ಎಂಟು, ಕಾಲಿಗೆ ನುಣ್ಣಗೆ ಟೈಲ್ಸು ಸಿಕ್ಕಿತು. ಎದುರಿಗೆ ಟೀಚರಮ್ಮ. ಟೋಪಿ ಕಳಚಿ ಬಿಳಿ ಕೂದಲೆಲ್ಲ ಮೇಲಕ್ಕೆದ್ದು ನಿಂತಿದೆ, ಕೆನ್ನೆ ಉಬ್ಬಿದೆ. ಇವರ ಮುಖ ನೋಡಿ ಅವರಿಗೆ ನಗು ಬಂತು, ಅವರ ನಗು ನೋಡಿ ಇವರಿಗೆ. ಹನ್ನೆರಡು ಅಡಿ ನೀರಿನ ಕೆಳಗೆ ಇಬ್ಬರ ನಗುವೂ ಗುಳ್ಳೆಗುಳ್ಳೆಯಾಗಿ ಮೇಲೆ ಹೋಗತೊಡಗಿತು. ಹತ್ತಕ್ಕೆ ಗುಂಡಿ ಒತ್ತಿದರು. ಹನ್ನೊಂದಕ್ಕೆ ಇಟ್ಟಿಗೆ ಬಿಟ್ಟರು. ಹದಿನಾರಕ್ಕೆ ಮೇಲೆ ಬಂದು ಕೆಮ್ಮಿದ ಕೆಮ್ಮಿಗೆ ಹೆಂಗಸರ ಕ್ಲಾಸು ಚಪ್ಪಾಳೆ ತಟ್ಟಿತು.

ಅಂಗಡಿಯವರು ಟವೆಲ್ಲಿನಲ್ಲಿ ಒರೆಸಿ, ಕಾರ್ಡಿನ ಬಾಗಿಲು ತೆಗೆದು, ಬೆರಳು ಹಾಕಿ ನೋಡಿದರು. ಬೆಂಕಿಪೊಟ್ಟಣದಷ್ಟು ಒಣಗಿತ್ತು. ಗಾಜಿನ ಮೇಲೂ ಮಂಜಿಲ್ಲ. ಚಿತ್ರ ನೋಡಿದರೆ ಅರ್ಧ ಕಿವಿ, ಒಂದಷ್ಟು ಕೂದಲು, ಉಳಿದದ್ದೆಲ್ಲ ಗುಳ್ಳೆ. ಇದೇನು ಚಿತ್ರ, ಸೋಪಿನ ನೊರೆ ಅಂದರು ಅಂಗಡಿಯವರು.

"ಇದನ್ನೇ ತಗೋಳೋಣ," ಅಂದರು ಗಡಿಯಾರದವರು, ಹಲ್ಲು ಕಟಕಟ ಅನ್ನುತ್ತಿದ್ದರೂ.

"ಹೂಂ, ಇದೇ," ಅಂದರು ಟೀಚರಮ್ಮ. "ಇನ್ನು ಬಿಚ್ಚೋಕೆ ಹೋದ್ರೆ ನಿಮ್ಮನ್ನೇ ಬಿಚ್ಚಿಡ್ತೀನಿ."

ಡಿಎಸ್ಎಲ್ಆರ್ ಅಂಗಡಿಯ ಕಪಾಟಿಗೆ ವಾಪಸ್ಸಾಯಿತು. ಸ್ಟೂಲು ಹಾರಿದ ಚಿತ್ರವನ್ನು ಅಂಗಡಿಯವರು ದೊಡ್ಡದಾಗಿ ಪ್ರಿಂಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು. ನೋಡಲು ಬಂದವರಲ್ಲಿ ಒಬ್ಬರು ಮೂರು ತಿಂಗಳಲ್ಲಿ ಆ ಕ್ಯಾಮೆರಾ ಕೊಂಡರು.

ಬೆಳಗಿನ ಬಸ್ಸು ಆರೂ ಇಪ್ಪತ್ತಕ್ಕೆ. ಅಕ್ಕ ಬಸ್‌ಸ್ಟ್ಯಾಂಡಿನ ತನಕ ಬಂದು, ತಮ್ಮನ ಕುತ್ತಿಗೆಗೆ ಮಫ್ಲರು ಸುತ್ತಿ, ಟೀಚರಮ್ಮನ ಕಡೆ ತಿರುಗಿದರು. "ಬರೋವಾಗ ಇವನೊಬ್ಬನೇ ಬಂದ್ರೆ ನಾನು ಬಾಗಿಲು ತೆಗೆಯೋಳಲ್ಲ, ಈಗಲೇ ಹೇಳಿದೀನಿ," ಅಂದರು. ಟೀಚರಮ್ಮ ಅವರ ಕೈ ಹಿಡಿದು, ಅಕ್ಕ ಅಂತ ಕರೆದರು. ಬಸ್ಸು ಐದು ನಿಮಿಷ ತಡವಾಗಿ ಬಂತು, ಗಡಿಯಾರದವರು ಅದನ್ನು ಗಮನಿಸಲೇ ಇಲ್ಲ. ಒಂದು ಚೀಲ, ಒಂದು ಕ್ಯಾಮೆರಾ ಹಿಡಿದು ಅವರಿಬ್ಬರೂ ಊರಿಂದ ಹೊರಟದ್ದು ಗುರುವಾರ.