ನಲವತ್ತು ದಿನ ಅತ್ತೆಯ ಮಾತು ಯಾರಿಗೆ ತಿಳಿಯಬೇಕು?

ಮನೆಯಲ್ಲಿ ಒಬ್ಬರು ತಪ್ಪು ಮಾಡಿ ಸಿಕ್ಕಿಬಿದ್ದರೆ, ಉಳಿದವರು ಮೊದಲು ಹೊಂದಿಸಿಕೊಳ್ಳುವುದು ಒಂದು ಸುಳ್ಳನ್ನು. ಈ ಮನೆಯಲ್ಲೂ ಅದು ತಯಾರಾಗಿತ್ತು.

"ನಿನ್ನ ಅಮ್ಮನ ಕಾಲು ಮುರಿದಿದೆ, ನೋಡಿಕೊಳ್ಳೋಕೆ ಹೋಗಿದ್ದೀಯ. ಯಾರು ಕೇಳಿದ್ರೂ ನಾನು ಹೇಳೋದು ಇಷ್ಟೇ," ಎಂದಳು ನಾದಿನಿ, ಇಸ್ತ್ರಿಯವಳ ಗಂಡನ ಅಕ್ಕ.

"ನಮ್ಮಮ್ಮ ತೀರಿಕೊಂಡು ಹತ್ತು ವರ್ಷ ಆಯ್ತಲ್ಲ ಅಕ್ಕ."

"ಹಾಗಾದ್ರೆ ಚಿಕ್ಕಮ್ಮನ ಕಾಲು. ಯಾರ ಕಾಲಾದ್ರೇನು?"

ಇಸ್ತ್ರಿಯವಳು ತಲೆಯಾಡಿಸಿದಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಉದ್ದನೆಯ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಗೋಡೆಗೆ ಹ್ಯಾಂಗರುಗಳ ಸಾಲು. ಎರಡು ತಿಂಗಳ ಹಿಂದೆ, ಇಸ್ತ್ರಿಗೆ ಬಂದ ಕೋಟಿನ ಜೇಬಿನಲ್ಲಿ ಅವಳಿಗೊಂದು ಕೈಗಡಿಯಾರ ಸಿಕ್ಕಿತ್ತು. ಕೋಟು ಔಷಧಿ ಅಂಗಡಿಯವರದು. ಗಡಿಯಾರ ಅವರ ತಂದೆಯ ಕಾಲದ್ದು, ದಿನಾ ಕೀ ಕೊಡುವಂಥದ್ದು. ಅವರು ಬಂದು ಕೇಳಿದಾಗ ಅವಳು ಇಲ್ಲ ಎಂದಳು. ಪೊಲೀಸರು ಕೇಳಿದಾಗಲೂ ಇಲ್ಲ ಎಂದಳು. ಅವರು ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ವಾರ ಕಳೆದು ಅದನ್ನು ಮಾರಲು ಹೋದಾಗ ಸಿಕ್ಕಿಬಿದ್ದಳು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಳು.

ನಲವತ್ತು ದಿನ ಜೈಲಾಗಬಹುದು ಎಂದಿದ್ದರು ವಕೀಲರು. ಆದರೆ ಶಿಕ್ಷೆ ಹೇಳುವ ಮುಂಚೆ ನ್ಯಾಯಾಧೀಶರು, ಇವಳ ಮನೆ, ಕೆಲಸ, ನಡತೆ ನೋಡಿಕೊಂಡು ಬನ್ನಿ ಎಂದು ಪ್ರೊಬೇಷನ್ ಅಧಿಕಾರಿಯೊಬ್ಬರಿಗೆ ಹೇಳಿದ್ದರು. ಆ ಅಧಿಕಾರಿ ಒಂದು ಮಧ್ಯಾಹ್ನ ಕಂಕುಳಲ್ಲಿ ಹೆಲ್ಮೆಟ್, ಕೈಯಲ್ಲಿ ಫೈಲು ಹಿಡಿದು ಬಂದೇಬಿಟ್ಟರು.

ನಾದಿನಿ ಟೀ ಕೊಟ್ಟಳು. ಇಸ್ತ್ರಿಯವಳು ಬಾಗಿಲ ಬಳಿ ನಿಂತಳು.

"ನನ್ನನ್ನ ಒಳಗೆ ಕಳಿಸಿಬಿಡಿ ಮೇಡಂ," ಎಂದಳು, ಅವರು ಫೈಲು ತೆರೆಯುವ ಮುಂಚೆಯೇ.

ಅಧಿಕಾರಿ ಕನ್ನಡಕ ಮೇಲೆ ಸರಿಸಿದರು. "ಈ ಕೆಲಸದಲ್ಲಿ ಹದಿನಾರು ವರ್ಷ ಆಯ್ತು. ಇದನ್ನ ಕೇಳಿಕೊಂಡವರು ಕಡಿಮೆ. ಯಾಕಮ್ಮ?"

"ನಲವತ್ತು ದಿನ ಕಣ್ಣು ಮುಚ್ಚಿ ಬಿಡೋದರಲ್ಲಿ ಮುಗಿದುಹೋಗುತ್ತೆ. ಯಾರಿಗೂ ಗೊತ್ತಾಗಲ್ಲ. ಹೋಗಿ ಬಂದುಬಿಡ್ತೀನಿ."

"ಇನ್ನೊಂದು ದಾರಿ ಇದೆ. ಕೋರ್ಟು ಒಪ್ಪಿದರೆ ಆರು ತಿಂಗಳು ನೀನು ಮನೆಯಲ್ಲೇ ಇರಬಹುದು. ವಾರಕ್ಕೊಮ್ಮೆ ನನ್ನ ಮುಂದೆ ಬಂದು ಕೂರಬೇಕು. ವಾರಕ್ಕೆ ಎರಡು ದಿನ ಆಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದಲ್ಲಿ ಸಂಬಳ ಇಲ್ಲದೆ ದುಡಿಯಬೇಕು. ತಪ್ಪಿಸಿಕೊಂಡರೆ ಮತ್ತೆ ಕೋರ್ಟಿಗೆ."

ನಾದಿನಿ ಮೂಗು ಮುರಿದಳು. "ಕದ್ದವಳಿಗೆ ಮನೇಲೇ ಇರು ಅಂದ್ರೆ ಅದೊಂದು ಶಿಕ್ಷೆನಾ ಮೇಡಂ? ಮೇಲಾಗಿ, ಆಸ್ಪತ್ರೆಗೆ ಊರೆಲ್ಲ ಬರುತ್ತೆ. ಇವಳು ಅಲ್ಲಿ ಬಿಟ್ಟಿ ದುಡಿಯೋದು ನೋಡಿ ಯಾಕೆ ಅಂತ ಕೇಳಲ್ವಾ? ಜೈಲಾದ್ರೆ ಗೋಡೆನಾದ್ರೂ ಇದೆ."

"ಸರಿ, ಜೈಲೇ ಆಗಲಿ. ಆ ನಲವತ್ತು ದಿನ ಈ ಮನೆ ಹೇಗೆ ನಡೆಯುತ್ತೆ, ಹೇಳಿ."

ನಾದಿನಿಯ ಬಳಿ ಉತ್ತರ ಸಿದ್ಧವಿತ್ತು. ತನ್ನ ತಮ್ಮ, ಅಂದರೆ ಇಸ್ತ್ರಿಯವಳ ಗಂಡ, ಊರೂರಿಗೆ ಕೇಬಲ್ ಎಳೆಯುವ ಕೆಲಸದವನು, ಬರುವುದು ಹದಿನೈದು ದಿನಕ್ಕೊಮ್ಮೆ. ಅವನ ಮಗಳಿಗೆ ಒಂಬತ್ತು ವರ್ಷ, ಅವಳನ್ನು ತನ್ನ ಮನೆಗೆ ಕರೆದೊಯ್ಯುವುದು, ಶಾಲೆ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಅಂಗಡಿಗೆ ಬೀಗ. "ಇನ್ನು ಅಮ್ಮನ್ನ ನಾನು ನೋಡ್ಕೋತೀನಿ. ಹೆತ್ತ ಮಗಳು ನಾನು, ನನಗೆ ಗೊತ್ತಾಗಲ್ವಾ?"

ಆ ಅಮ್ಮ, ಇಸ್ತ್ರಿಯವಳ ಅತ್ತೆ, ಒಳಕೋಣೆಯ ಮಂಚದ ಮೇಲಿದ್ದರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕಿವಿ ಚೆನ್ನಾಗಿತ್ತು, ಬುದ್ಧಿ ಇನ್ನೂ ಚೆನ್ನಾಗಿತ್ತು. ಮಾತು ಮಾತ್ರ ಬಾಯಲ್ಲೇ ಕಲಸಿಹೋಗಿ ಹೊರಬರುತ್ತಿತ್ತು. ಹೇಳಿದ್ದನ್ನು ಯಾರಾದರೂ ತಪ್ಪಾಗಿ ತಿಳಿದರೆ ಎಡಗೈಯ ಸ್ಟೀಲ್ ಲೋಟದಿಂದ ಮಂಚದ ಕಂಬಿಗೆ ಟಣ್ ಎನಿಸುತ್ತಿದ್ದರು.

ಅಧಿಕಾರಿ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅವರು ಏನೋ ಹೇಳಿದರು.

"ನೀರು ಕೇಳ್ತಿದ್ದಾರೆ," ಎಂದಳು ನಾದಿನಿ.

ಟಣ್.

"ಫ್ಯಾನು ಹಾಕಬೇಕಂತೆ."

ಟಣ್.

"ಮಗ್ಗುಲು ಬದಲಾಯಿಸಲಾ ಅಮ್ಮ?"

ಟಣ್, ಟಣ್. ನಾದಿನಿಯ ಮುಖ ಕೆಂಪಾಯಿತು. ಬಾಗಿಲ ಹತ್ತಿರದಿಂದ ಇಸ್ತ್ರಿಯವಳು ಮೆಲ್ಲಗೆ ಹೇಳಿದಳು, "ಬಂದವರಿಗೆ ಒಡೆದ ಕಪ್ಪಿನಲ್ಲಿ ಟೀ ಕೊಟ್ಟಿದ್ದೀಯಲ್ಲ, ಬುದ್ಧಿ ಇದೆಯಾ ಅಂತಿದ್ದಾರೆ."

ಲೋಟ ಸುಮ್ಮನಾಯಿತು. ಅಧಿಕಾರಿ ಕೈಯಲ್ಲಿದ್ದ ಕಪ್ಪನ್ನು ತಿರುಗಿಸಿ ನೋಡಿದರು. ಅಂಚು ಒಡೆದಿತ್ತು.

"ನಲವತ್ತು ದಿನ ಇವರ ಮಾತು ಯಾರಿಗೆ ತಿಳಿಯುತ್ತೆ?" ಎಂದು ಕೇಳಿದರು. ನಾದಿನಿ ಅಮ್ಮನ ಹೊದಿಕೆ ಸರಿಮಾಡತೊಡಗಿದಳು. ಹೆತ್ತ ತಾಯಿಯ ಮಾತು ತನಗಿಂತ ಸೊಸೆಗೆ ಚೆನ್ನಾಗಿ ತಿಳಿಯುತ್ತದೆ ಎಂಬುದು ಮೂರು ವರ್ಷದಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು.

ಅಧಿಕಾರಿ ಮಂಚದ ಪಕ್ಕ ಸ್ಟೂಲು ಎಳೆದು ಕೂತರು. "ಅಮ್ಮ, ಇದು ನಿಮ್ಮ ಮನೆ. ಸೊಸೆ ಜೈಲಿಗೆ ಹೋಗಬೇಕಾ, ಇಲ್ಲೇ ಇದ್ದು ದುಡಿದು ತೀರಿಸಬೇಕಾ? ನೀವೇ ಹೇಳಿ. ಅವಳೇ ನನಗೆ ತಿಳಿಸಲಿ."

ಅತ್ತೆ ತುಂಬ ಹೊತ್ತು ಮಾತಾಡಿದರು. ನಡುವೆ ಎರಡು ಸಲ ನಿಲ್ಲಿಸಿ ಉಸಿರು ಎಳೆದುಕೊಂಡರು. ಇಸ್ತ್ರಿಯವಳ ಮುಖ ಬಿಳಿಚಿತು.

"ಇಲ್ಲೇ ಇರು ಅಂತಿದ್ದಾರೆ. ನಾನಿಲ್ಲದಿದ್ರೆ ಕಷ್ಟ ಅಂತೆ."

ಟಣ್.

"ಕದ್ದಿದ್ದು ತಪ್ಪು ಅಂತಿದ್ದಾರೆ."

ಟಣ್. ಅತ್ತೆ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

ಇಸ್ತ್ರಿಯವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಗಡಿಯಾರ ಇವರ ದಿಂಬಿನ ಕೆಳಗಿತ್ತು ಮೇಡಂ," ಎಂದಳು. "ಒಂದು ವಾರ. ಕಾಯಿಲೆಯವರನ್ನ ಎಬ್ಬಿಸಿ ಪೊಲೀಸರು ಹುಡುಕಲ್ಲ ಅಂತ ಗೊತ್ತಿತ್ತು. ಇವರು ಯಾರಿಗೂ ಹೇಳೋಕೆ ಆಗಲ್ಲ ಅನ್ನೋದೂ ಗೊತ್ತಿತ್ತು. ಹೇಳಿದ್ರೂ ಅದನ್ನ ತಿಳಿಸಬೇಕಾದವಳು ನಾನೇ ಅಲ್ವಾ? ಇವರು ಪೊಲೀಸರಿಗೆ ಹೇಳಿದ್ರು. ದಿಂಬು ಎತ್ತಿ ನೋಡಿ ಅಂದ್ರು. ನಾನು, ಇವರಿಗೆ ತಲೆನೋವು, ಬೇಗ ಮುಗಿಸಿ ಅಂತಿದ್ದಾರೆ ಅಂದೆ."

ನಾದಿನಿ ಕುರ್ಚಿ ಹುಡುಕಿ ಕೂತಳು.

"ಆಗ ಲೋಟದಿಂದ ಹೊಡೀಲಿಲ್ವಾ?" ಎಂದರು ಅಧಿಕಾರಿ.

"ಹೊಡೆದ್ರು. ನೋಡಿ, ತಲೆನೋವು ಜೋರಾಗಿದೆ ಅಂದೆ."

ಲೋಟದ ಸದ್ದು ಬರಲಿಲ್ಲ. ಅತ್ತೆ ಈಗ ಸಣ್ಣದಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಸೊಸೆ ಕಣ್ಣೊರೆಸಿಕೊಂಡು ಅದನ್ನು ಹಾಗೆಯೇ ಒಪ್ಪಿಸಿದಳು.

"ಒಳಗೆ ಹೋದ್ರೆ ನೀನು ಯಾರಿಗೂ ಮುಖ ಕೊಡಬೇಕಾಗಿಲ್ಲ. ನಿನಗೆ ಅದೇ ಬೇಕು. ಇಲ್ಲಿದ್ದು ಮುಖ ಕೊಡು, ಅಂತಿದ್ದಾರೆ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ದಿಂಬಿನ ವಿಷಯ ವರದಿಯಲ್ಲಿ ಇರಬೇಕಾಗುತ್ತೆ."

"ಬರೀರಿ."

ಅವರು ಬರೆದರು. ಆಮೇಲೆ ನಾದಿನಿಯ ಕಡೆ ತಿರುಗಿದರು. "ಇದು ಶಿಕ್ಷೆನಾ ಅಂತ ಕೇಳಿದ್ರಿ. ಜೈಲಿನಲ್ಲಿ ನಲವತ್ತು ದಿನ ಅಂದ್ರೆ ಒಂದು ಕಸುಬು ಕಲಿಯೋಕೆ ಸಾಲಲ್ಲ, ಬುದ್ಧಿ ಹೇಳಿ ತಿದ್ದೋಕೂ ಸಾಲಲ್ಲ. ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಳ್ಳೋಕೆ, ಮಗು ಶಾಲೆ ಬಿಡೋಕೆ, ಮಲಗಿದವರ ಬೆನ್ನು ಹುಣ್ಣಾಗೋಕೆ ಮಾತ್ರ ಸಾಕು. ಹೊರಗೆ ಬಂದ ಮೇಲೆ ಇವಳಿಗೆ ಉಳಿಯೋದು ಜೈಲಿಗೆ ಹೋದವಳು ಅನ್ನೋ ಹೆಸರು ಒಂದೇ. ಕೊಲೆ, ಸುಲಿಗೆ ಮಾಡಿದವರ ಮಾತು ಬೇರೆ. ಇವಳಂಥವರು ಇಲ್ಲೇ ಇದ್ದು, ಯಾರಿಗೆ ಅನ್ಯಾಯ ಮಾಡಿದ್ರೋ ಅವರೆದುರು ನಿಲ್ಲೋದು ಹೆಚ್ಚು ಕಷ್ಟ. ಹೆಚ್ಚು ಉಪಯೋಗ ಕೂಡ."

"ಗಡಿಯಾರದವರು ಒಪ್ತಾರಾ?"

"ಬೆಳಿಗ್ಗೆ ಅವರನ್ನ ಕಂಡು ಬಂದೆ. ಇವಳು ಜೈಲಿಗೆ ಹೋದರೆ ನನಗೇನು ಬಂತು, ನನ್ನ ಮುಖ ನೋಡಿ ನಾನೇ ತೆಗೆದೆ ಅಂತ ಅವಳು ಒಮ್ಮೆನೂ ಹೇಳಿಲ್ಲವಲ್ಲ, ಅಂದರು."

ಕೋರ್ಟು ವರದಿ ಓದಿತು, ದಿಂಬಿನ ವಿಷಯವನ್ನೂ ಓದಿತು. ಆರು ತಿಂಗಳ ನಿಗಾ, ಆಸ್ಪತ್ರೆಯ ಕೆಲಸ, ಔಷಧಿ ಅಂಗಡಿಯವರ ಎದುರು ತಪ್ಪೊಪ್ಪಿಗೆ ಎಂದು ಆದೇಶವಾಯಿತು. ಆ ಅಂಗಡಿಯ ಐದು ಮೆಟ್ಟಿಲು ಹತ್ತಲು ಇಸ್ತ್ರಿಯವಳಿಗೆ ಎಷ್ಟು ಹೊತ್ತು ಬೇಕಾಯಿತೆಂದು ಕೇಳಬೇಡಿ. ಒಳಗೆ ಮೂವರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಅವಳು ಕಾಯಲಿಲ್ಲ. ಹೇಳಿದಳು. ಔಷಧಿ ಅಂಗಡಿಯವರು ಕೇಳಿಸಿಕೊಂಡರು, "ಸರಿ, ಹೋಗಮ್ಮ," ಎಂದರು, ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ. ಅದು ಅವರ ಹಕ್ಕು.

ಅವಳು ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಮಡಿಸುವ ದಿನಗಳಲ್ಲಿ ನಾದಿನಿ ಬಂದು ಅಮ್ಮನ ಬಳಿ ಕೂರುತ್ತಿದ್ದಳು. ಮೊದಲ ತಿಂಗಳು ಲೋಟದ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು. ಹೊರಡುವ ಮುಂಚೆ ಸೊಸೆ ಹೇಳಿಕೊಡುತ್ತಿದ್ದಳು, "ಬಾಯಿ ನೋಡಬೇಡಿ ಅಕ್ಕ, ಕಣ್ಣು ಎಲ್ಲಿ ಹೋಗುತ್ತೆ ನೋಡಿ." ಒಂದು ಸಂಜೆ ಅವಳು ಮನೆಗೆ ಬಂದಾಗ ನಾದಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನನಗೇ ತಿಳೀತು ಕಣೇ. ಯಾರೂ ಹೇಳಿಕೊಡಲಿಲ್ಲ. ಚಿಕ್ಕಮ್ಮನ ಕಾಲು ಸರಿಹೋಯ್ತಾ ಅಂತ ಕೇಳ್ತಿದ್ದಾರೆ."

ಮಂಚದ ಮೇಲೆ ಲೋಟ ಅಲುಗಾಡಲಿಲ್ಲ.

ಐದನೆಯ ತಿಂಗಳಲ್ಲಿ ಔಷಧಿ ಅಂಗಡಿಯಿಂದ ಅದೇ ಕೋಟು ಇಸ್ತ್ರಿಗೆ ಬಂತು. ಎರಡು ಜೇಬನ್ನೂ ಒಳಮೈ ಹೊರಗೆ ಮಾಡಿ ಎಳೆದಿಟ್ಟಿದ್ದರು. ಅವಳು ಮೊದಲು ಕೋಟಿಗೆ ಇಸ್ತ್ರಿ ಹಾಕಿದಳು. ಆಮೇಲೆ ಜೇಬುಗಳಿಗೂ ಇಸ್ತ್ರಿ ಹಾಕಿ, ಒಳಗೆ ಸೇರಿಸಿ ಕಳಿಸಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಅಥವಾ ನೆರೆಯ ಹೆಣ್ಣುಮಗಳೊಬ್ಬಳು ಸಣ್ಣ ಅಪರಾಧಕ್ಕೆ ಶಿಕ್ಷೆ ಕಾಯುತ್ತಿದ್ದರೆ, ಬಚ್ಚಿಡಲು ಸುಳ್ಳು ಹುಡುಕುವ ಮುಂಚೆ ವಕೀಲರನ್ನೋ ಉಚಿತ ಕಾನೂನು ನೆರವು ಕೊಡುವವರನ್ನೋ ಕಂಡು ಕೇಳಿ: ಜೈಲಲ್ಲದೆ ಬೇರೆ ದಾರಿ ಈ ಪ್ರಕರಣಕ್ಕೆ ಇದೆಯೇ? ಅಧಿಕಾರಿ ಮನೆಗೆ ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೋರ್ಟು ಅವಳನ್ನು ನಿಮ್ಮ ಬೀದಿಯಲ್ಲೇ ಉಳಿಸಿದರೆ, ಅವಳು ನಡೆದು ಬರುವಾಗ ಬಾಗಿಲು ಹಾಕಬೇಡಿ. ಅವಳ ಅಂಗಡಿಗೆ ಬಟ್ಟೆ ಕೊಡಿ. ಜೇಬು ನೋಡಿಕೊಂಡೇ ಕೊಡಿ, ತಪ್ಪಿಲ್ಲ. ಆದರೆ ಕೊಡಿ.