ಬಾಮಿ ಹವಾ

ಶಿವರಾತ್ರಿ ಕಳೆದು ಬಿಸಿಲಿನ್ನೂ ಬಲಿಯದ ದಿನಗಳು, ಮುಂಜಾನೆಯ ಪ್ಯಾಸೆಂಜರ್ ಗಾಡಿ ವಾಡಿ ಬಿಟ್ಟು ಹೋದ ಹೊತ್ತು, ಸೈದಾನಬಿ ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ಸೆರಗು ಸರಿಸಿ ತೋಳನ್ನು ಗಾಳಿಗೆ ಒಡ್ಡಿದ್ದಾಳೆ — ಬಿಸಿ ಇಲ್ಲ, ತಂಪು ಅನ್ನುವಂತೆಯೂ ಇಲ್ಲ, ಇದೇ ಏನು ಅದು, ಬಾಮಿ, ತಾನು ಕೆಲಸಕ್ಕಿರುವ ಈ ಮನೆಯ ಐರಿಸ್ ಬಾಯಿಯ ಆ ಇಂಗ್ಲಿಷ್ ಮಾತು, ಬಾಯಿ ಶಾಲೆಗೆ ಕಲಿಸಲು ಹೋಗುವಾಗ ದಿನಾ ಹೇಳುವುದು ಅದೊಂದೇ, ಹವಾ ಬಾಮಿ ಇದ್ದರಷ್ಟೇ ಅಪ್ಪನ್ನ ಹೊರಗ ಕುಂದ್ರಸು ಸೈದಾನಬಿ, ಇಲ್ಲಂದ್ರ ಬ್ಯಾಡ, ಅವರ ಎದಿ ಇನ್ನೊಂದು ಥಂಡಿ ತಡಿಯಂಗಿಲ್ಲಂತ ಡಾಕ್ಟರು ಹೇಳ್ಯಾರ, ಬಾಮಿ ಅಂದರೇನು ಎಂದು ಕೇಳಿದರೆ ಮೈಗೆ ಹಿತ ಆಗೋ ಹವಾ ಅಂದರು, ಯಾರ ಮೈಗೆ, ಪಾತ್ರೆ ತಿಕ್ಕಿ ಬೆವೆತ ತನ್ನ ಮೈಗೋ, ಶಾಲು ಹೊದ್ದೂ ನಡುಗುವ ಮುದುಕನ ಮೈಗೋ — ಶಹಾಬಾದಿನ ಖಣಿಯಲ್ಲಿ ಫರ್ಸಿ ಕಲ್ಲು ಒಡೆದು ಬರುವ ಗಂಡ ಮಜೀದಸಾಬನನ್ನು ಕೇಳಿದಳು, ಅಂಥಾ ಹವಾ ನಮ್ಮ ಕಡೆ ಬರಂಗಿಲ್ಲ ಬಿಡು, ಬಂದರೂ ನಾ ಖಣಿಗೆ ಹ್ವಾದಮ್ಯಾಲ ಬರತದ ಅಂದು ಮಗ್ಗುಲಾದ. ಒಳಗೆ ಮುದುಕ ಕೆಮ್ಮುತ್ತಾನೆ, ಬಾಯಿಯ ಅಪ್ಪ, ಈ ಲೈನಿನಲ್ಲೇ ಗಾರ್ಡ್ ಆಗಿ ಹಸಿರು ಬಾವುಟ ತೋರಿಸುತ್ತ ಮುದುಕನಾದವನು, ನಾಳೆ ಸೋಲಾಪುರದ ದವಾಖಾನೆಗೆ ಒಯ್ಯುತ್ತಾರೆ, ಒಯ್ದವರನ್ನು ತಿರುಗಿ ತರುತ್ತಾರೋ ಇಲ್ಲವೋ, ಹೋಗೂದ್ರಾಗ ಒಮ್ಮೆ ಬೇವಿನ ಗಿಡದ ಕೆಳಗ ಕುಂದ್ರಬೇಕು ಅನ್ನುತ್ತಾನೆ, ಇವತ್ತರ ಬಾಮಿ ಅದ ಏನ ಸೈದಾ — ಮೊನ್ನೆ ಮಂಗಳವಾರ ಬಾಮಿ ಇತ್ತೇನೋ, ತೋಳು ಹೌದು ಅಂದಿತ್ತು, ಕುತ್ತಿಗೆ ಇಲ್ಲ ಅಂದಿತ್ತು, ಅಷ್ಟರಲ್ಲಿ ಗಾಳಿಯೇ ಬೇರೆಯಾಗಿತ್ತು, ನಿಮಗ ಹೆಂಗ ಅನಸತದ ನೀವೇ ನೋಡ್ರಿ ಸಾಹೇಬರ, ಎಂದರೆ ಕಿಟಕಿಯ ಸರಳಿನಿಂದ ಅಂಗೈ ಹೊರಗೆ ಬಂತು, ನಂಗ ಗೊತ್ತಾಗವಲ್ದು, ನೀನೇ ಹೇಳಬೇಕು ಅಂದ. ಹೌದು ಅಂದು ಅವನ ಎದೆ ಕಟ್ಟಿದರೆ, ಇಲ್ಲ ಅಂದು ಇದೇ ಕಡೆಯ ದಿನವಾದರೆ, ಗಾಳಿ ಬೀಸಿತು, ನಿಂತಿತು, ಬಾಮಿ ಇಲ್ಲರಿ ಸಾಹೇಬರ, ಅಂದಳು, ಅಂಗೈ ಒಳಗೆ ಹೋಯಿತು. ಮರುದಿನ ಅದೇ ಅಂಗಳದಲ್ಲಿ ಕುರ್ಚಿಯ ಮೇಲೆ ಕೂಡಿಸಿ ಹೊತ್ತೊಯ್ದರು, ಬೇವಿನ ಗಿಡದ ಕೆಳಗೇ ಹಾದರು, ಯಾರೂ ನಿಲ್ಲಲಿಲ್ಲ, ಹವಾ ಹೆಂಗದ ಎಂದು ಯಾರೂ ಕೇಳಲಿಲ್ಲ, ಬಾಯಿಯೂ ಕೇಳಲಿಲ್ಲ, ಸ್ಟೇಷನ್ನಿನಲ್ಲಿ ಸೋಲಾಪುರದ ಗಾಡಿ ಅಲುಗಿತು, ಡಬ್ಬಿಯ ಕಿಟಕಿಯಿಂದ ಆ ಅಂಗೈ, ಹೋಗಿ ಬರತೀನಿ ಅನ್ನಲಿಕ್ಕೋ, ಗಾಳಿ ನೋಡಲಿಕ್ಕೋ, ಬೀಸಲೂ ಇಲ್ಲ, ಮುಚ್ಚಲೂ ಇಲ್ಲ, ಗಾರ್ಡ್ ಸಾಹೇಬ ಹೋದ ಆ ಶುಕ್ರವಾರ, ತೆರೆದ ಅಂಗೈ, ಮೇಲ್ಮುಖವಾಗಿ, ತೆರೆದೇ —